ಮೂರು ಕಟ್ಟು ಹಾಳೆ

ಮೊನ್ನೆ ಅಂಗಡಿಯ ಕಬ್ಬಿಣದ ಬೀರುವಿನ ಕೆಳಗಿನ ಖಾನೆ ತೆಗೆದೆ. ತೆಗೆದ ಕೂಡಲೇ ಹೊಗೆಸೊಪ್ಪಿನ ವಾಸನೆ ಬಂತು.

ಪಿರಿಯಾಪಟ್ಟಣದಲ್ಲಿ ಆ ವಾಸನೆ ಹೊಸದೇನಲ್ಲ. ಸೀಸನ್ನಿನಲ್ಲಿ ಬಸ್ಸಿನ ಸೀಟಿಗೂ, ಬ್ಯಾಂಕಿನ ಕ್ಯೂಗೂ, ಜೆರಾಕ್ಸ್ ಮಾಡಿಸಲು ಜನ ನನ್ನ ಅಂಗಡಿಗೆ ತರುವ ಪಹಣಿಗೂ ಅದೇ ವಾಸನೆ ಅಂಟಿಕೊಂಡಿರುತ್ತದೆ. ಆದರೆ ಈಗ ಯುಗಾದಿ ಕಳೆದಿದೆ. ಯಾರ ಮನೆಯಲ್ಲೂ ಸೊಪ್ಪಿಲ್ಲ. ಖಾನೆಯಲ್ಲಿ ಇದ್ದದ್ದು ಮೂರು ಕಟ್ಟು ಹಾಳೆ. ಒಂದೊಂದು ಕಟ್ಟಿಗೂ ಸೊಪ್ಪು ಕಟ್ಟುವ ದಾರವನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಒಳಕ್ಕೆ ಸಿಕ್ಕಿಸಿತ್ತು. ಗಂಟು ಹಾಕಿರಲಿಲ್ಲ. ಗಂಟಿಲ್ಲದೆ ಹಾಗೆ ಬಿಗಿಯಾಗಿ ಕಟ್ಟುತ್ತಿದ್ದವಳು ನಮ್ಮ ಪಕ್ಕದ ಮನೆಯ ದೊಡ್ಡವ್ವ. ಅವಳು ತೀರಿಕೊಂಡು ಬರುವ ಗೌರಿಹಬ್ಬಕ್ಕೆ ಎರಡು ವರ್ಷವಾಗುತ್ತದೆ.

ರಕ್ತ ಸಂಬಂಧದ ದೊಡ್ಡವ್ವ ಅಲ್ಲ. ನನ್ನ ಅಂಗಡಿ ಪೇಟೆಯಲ್ಲಿ, ನಮ್ಮೂರು ಹತ್ತಿರದ ಹಳ್ಳಿ. ಅಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಮದುವೆಯಾಗಿ ಆರು ವರ್ಷಕ್ಕೆ ಗಂಡನನ್ನು ಕಳೆದುಕೊಂಡಿದ್ದಳು. ಮಕ್ಕಳಿರಲಿಲ್ಲ. ಮೈದುನನ ಸಂಸಾರದ ಜೊತೆಯಲ್ಲೇ ಇದ್ದು, ಹೊಲ ನೋಡಿಕೊಂಡು, ಸೀಸನ್ನಿನಲ್ಲಿ ಬ್ಯಾರನ್ನಿನ ಕೆಲಸ ಮಾಡಿಕೊಂಡು ಬದುಕಿದಳು. ಬ್ಯಾರನ್ ಅಂದರೆ ಹಸಿ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ನೇತುಹಾಕಿ, ಹೊರಗೆ ಒಲೆ ಹಚ್ಚಿ, ಒಳಗಿನ ಪೈಪುಗಳ ಕಾವಿನಲ್ಲಿ ಒಣಗಿಸುವ ಎತ್ತರದ ಕೋಣೆ. ಒಣಗಿದ ಸೊಪ್ಪನ್ನು ಬಣ್ಣ ನೋಡಿ, ಮುಟ್ಟಿ, ಮೂಸಿ ಬೇರೆ ಬೇರೆ ಕಟ್ಟು ಮಾಡುವುದಕ್ಕೆ ಗ್ರೇಡ್ ಮಾಡುವುದು ಅನ್ನುತ್ತಾರೆ. ದೊಡ್ಡವ್ವ ಗ್ರೇಡ್ ಮಾಡಿದ ಸೊಪ್ಪನ್ನು ಯಾರೂ ಮತ್ತೆ ಬಿಚ್ಚಿ ನೋಡುತ್ತಿರಲಿಲ್ಲ.

ಅವಳು ಹತ್ತನೇ ಕ್ಲಾಸಿನವರೆಗೆ ಓದಿದ್ದಳು. ಪಂಚಾಯಿತಿಯ ಲೈಬ್ರರಿಯಲ್ಲಿದ್ದ ಕತೆ ಕಾದಂಬರಿಗಳನ್ನೆಲ್ಲ ಮುಗಿಸಿ ಎರಡನೇ ಸುತ್ತು ನಡೆಸಿದ್ದಳು. ಸೊಪ್ಪಿನ ಅಂಟು ಹತ್ತಿ ಕಪ್ಪಾದ ಕೈಯನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ, ಸೆರಗಿನಲ್ಲಿ ಒರೆಸಿಕೊಂಡು, ಆಮೇಲೆ ಪುಸ್ತಕ ಮುಟ್ಟುತ್ತಿದ್ದಳು. ಆದರೂ ಅವಳು ಓದಿದ ಪುಸ್ತಕ ಯಾವುದು ಎಂದು ಲೈಬ್ರರಿಯವನಿಗೆ ಮೂಗಿನಿಂದಲೇ ತಿಳಿಯುತ್ತಿತ್ತು.

ಮೈಸೂರಿನ ಒಬ್ಬ ಪ್ರಕಾಶಕರಿಗೆ ಅವಳು ಒಂದು ಕಾರ್ಡು ಬರೆದದ್ದೇ ಎಲ್ಲಕ್ಕೂ ಮೊದಲು. ಅವರ ಯಾವುದೋ ಕಾದಂಬರಿಯಲ್ಲಿ ದೀಪಾವಳಿಯ ಹೊತ್ತಿಗೆ ಹೊಗೆಸೊಪ್ಪಿನ ಸಸಿ ನೆಡುವ ಸಂಗತಿ ಇತ್ತಂತೆ. "ಆಗ ನೆಟ್ಟರೆ ಕತೆಯಲ್ಲಿ ಮಾತ್ರ ಬರುತ್ತದೆ, ಹೊಲದಲ್ಲಿ ಬರುವುದಿಲ್ಲ" ಎಂದು ಬರೆದಿದ್ದಳು. ಆ ಪ್ರಕಾಶಕರು ಒಳ್ಳೆಯವರು. ಮುಂದಿನ ಪುಸ್ತಕವನ್ನು ಅಚ್ಚಿಗೆ ಕೊಡುವ ಮೊದಲೇ ಅವಳಿಗೆ ಕಳಿಸಿದರು. ಬೈಂಡಿಂಗ್ ಇಲ್ಲದ ಬಿಡಿ ಹಾಳೆಗಳು. ಓದಿ, ಅನಿಸಿದ್ದನ್ನು ತಿಳಿಸಿ, ಹಾಳೆಗಳನ್ನು ವಾಪಸ್ಸು ಕಳಿಸಿ ಎಂದು ಮೇಲೊಂದು ಚೀಟಿ. ನಮ್ಮೂರಿಗೆ ಕೊರಿಯರ್ ಬರುವುದಿಲ್ಲವಾದ್ದರಿಂದ ಪ್ಯಾಕೆಟ್ಟು ನನ್ನ ಅಂಗಡಿಯ ವಿಳಾಸಕ್ಕೆ ಬಂತು. ಸಾಯಂಕಾಲದ ಬಸ್ಸಿನಲ್ಲಿ ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ.

ಹತ್ತು ದಿನಕ್ಕೆ ಅವಳು ಕೊಟ್ಟ ಹಾಳೆಗಳನ್ನು ನೋಡದೆಯೇ ವಾಪಸ್ಸು ಕಳಿಸಿದೆ. ಮೂರನೇ ದಿನ ಪ್ರಕಾಶಕರ ಫೋನು. ಅವತ್ತು ದೊಡ್ಡವ್ವ ಗೊಬ್ಬರಕ್ಕೆಂದು ಪೇಟೆಗೆ ಬಂದು ನನ್ನ ಅಂಗಡಿಯಲ್ಲೇ ಕೂತಿದ್ದಳು. ಸ್ಪೀಕರ್ ಹಾಕಿದೆ.

"ಏನಮ್ಮ ಇದು? ನಲವತ್ತನೇ ಪುಟ ಆದಮೇಲೆ ಏಳನೇ ಪುಟ ಇದೆ. ಗಾಳಿಗೆ ಹಾರಿಹೋಗಿತ್ತಾ?" ಅಂದರು ಅವರು.

"ಆರಿಲ್ಲ ಕಣ್ ಸಾ. ಗ್ರೇಡ್ ಮಾಡಿವ್ನಿ."

"ಏನು ಮಾಡಿದ್ದೀರಿ?"

"ಮೂರು ಕಟ್ಟದಲ್ಲ, ಮ್ಯಾಲಿಂದು ಒಳ್ಳೇದು. ನಡುವಿಂದು ಓಗ್ಲಿ ಬುಡು ಅನ್ನೋದು. ಕ್ಯಳಗಿಂದು ಲೋ ಗ್ರೇಡು. ಅದ್ನೂ ಸೇರಿಸಿ ಮಾರ್ಕೆಟ್ಗೆ ಇಟ್ರೆ ಒಳ್ಳೇದ್ರ ರೇಟೂ ಬಿದ್ದೋಯ್ತದೆ."

ಅದಕ್ಕೆ ಅವರು ನಕ್ಕ ನಗುವಿಗೆ, ಫೋಟೋ ತೆಗೆಸಿಕೊಳ್ಳಲು ಕೂತಿದ್ದ ಒಬ್ಬ ಅಜ್ಜನೂ ನಕ್ಕ. ಕೆಳಗಿನ ಕಟ್ಟನ್ನು ಓದಿ ನೋಡಿದಾಗ ಆ ಲೇಖಕರಿಗೇ ನಾಚಿಕೆಯಾಯಿತಂತೆ. ಅಲ್ಲಿಂದ ಮುಂದೆ ಆ ಪ್ರಕಾಶಕರು ಪುಟದ ಸಂಖ್ಯೆ ದಪ್ಪವಾಗಿ ಕಾಣುವ ಹಾಗೆ ಹಾಕಿ, ವಾಪಸ್ಸು ಬೇಡ, ನೀವೇ ಇಟ್ಟುಕೊಳ್ಳಿ ಎಂದು ಕಳಿಸತೊಡಗಿದರು. ವರ್ಷಕ್ಕೆ ನಾಲ್ಕೋ ಐದೋ ಬರುತ್ತಿದ್ದವು.

ಅವಳ ಓರಗಿತ್ತಿಗೆ ಇದು ತಮಾಷೆ. ಜಗಲಿಯ ಮೇಲೆ ಹಾಳೆ ಹರವಿಕೊಂಡು ಕೂತವಳನ್ನು ನೋಡಿ, "ಕಾಗ್ದ ಗ್ರೇಡ್ ಮಾಡುದ್ರೆ ಯಾವ ಕಂಪ್ನಿಯೋನು ತಕ್ಕೊಂಡಾನಕ್ಕ?" ಅನ್ನುವಳು.

"ನಿನ್ ಬಾಯ ಗ್ರೇಡ್ ಮಾಡುದ್ರೆ ಒಂದೇ ಕಟ್ಟು ಆಗೋದು ಬುಡು, ಕ್ಯಳಗಿಂದು," ಅನ್ನುವಳು ದೊಡ್ಡವ್ವ, ತಲೆ ಎತ್ತದೆ.

ಅವಳ ಅಭಿಪ್ರಾಯವನ್ನು ಟೈಪು ಮಾಡಿ ಕಳಿಸುವ ಕೆಲಸ ನನ್ನದಾಗಿತ್ತು. ಪ್ರಕಾಶಕರು ಅದನ್ನು ತಮ್ಮ ಓದುಗರ ಗುಂಪಿನಲ್ಲಿ ಹಾಕುತ್ತಿದ್ದರು. ಅವಳು ಹೇಳಿದ್ದನ್ನು ಬರಹದ ಕನ್ನಡಕ್ಕೆ ತಿದ್ದುವಷ್ಟು ಅಧಿಕಾರ ಮಾತ್ರ ನನಗಿತ್ತು. ಬರೆದಾದ ಮೇಲೆ ಓದಿ ಹೇಳಬೇಕು. ಒಂದು ಸಲ ನಾನು 'ಮನೋಜ್ಞವಾಗಿದೆ' ಎಂದು ಸೇರಿಸಿದ್ದೆ.

"ಅಂಗಂದ್ರೇನು?" ಅಂದಳು.

"ಚೆನ್ನಾಗಿದೆ ಅಂತ ದೊಡ್ಡವ್ವ."

"ಚೆನ್ನಾಗದೆ ಅಂತ್ಲೇ ಆಕು. ನಾನಾಡ್ದಿರೋ ಮಾತ ನನ್ ಬಾಯ್ಗೆ ತುರುಕ್ಬ್ಯಾಡ ಕಣವ್ವ."

ನಗುನಗುತ್ತಲೇ ಹೇಳಿದ್ದಳು. ನಾನೂ ನಕ್ಕು ಅಳಿಸಿದ್ದೆ...

ಆಮೇಲೆ ಅವಳಿಗೆ ಗಂಟಲು ಕಟ್ಟಲು ಶುರುವಾಯಿತು. ಮೊದಲು ಬ್ಯಾರನ್ನಿನ ಕಾವಿಗೆ ಅಂದುಕೊಂಡೆವು. ಸೀಸನ್ ಮುಗಿದರೂ ಬಿಡಲಿಲ್ಲ. ಹುಣಸೂರಿನಲ್ಲಿ ತೋರಿಸಿದರು, ಅವರು ಮೈಸೂರಿಗೆ ಬರೆದುಕೊಟ್ಟರು. ಗಂಟಲಲ್ಲಿ ಗಡ್ಡೆ. ತಡವಾಗಿದೆ ಅಂದರು. ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಲು ಕರೆದುಕೊಂಡು ಹೋದಾಗಲೆಲ್ಲ, ಬರುವಾಗ ಬಿಳಿಕೆರೆ ದಾಟುವವರೆಗೆ ಅವಳು ಕಿಟಕಿಗೆ ತಲೆ ಇಟ್ಟು ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ದಿನ ಹೋದಂತೆ ದನಿ ಇಳಿಯಿತು. ಕೊನೆಗೆ ಬರೀ ಉಸಿರಿನಲ್ಲಿ ಮಾತು. ಎರಡು ವಾಕ್ಯ ಆಡಿದರೆ ಒಂದು ಗುಟುಕು ನೀರು.

ಅಂಥ ಹೊತ್ತಿನಲ್ಲೇ ಆ ಪುಸ್ತಕ ಬಂದದ್ದು. ಬರೆದವರು ಹೊಸಬರು, ಆಗಲೇ ಹೆಸರು ಮಾಡಿದ್ದರು. ಹೊಗೆಸೊಪ್ಪು ಬೆಳೆಯುವ ಒಂದು ಮನೆಯ ಕತೆ. ಪ್ರಕಾಶಕರು ಫೋನು ಮಾಡಿ, ಇದು ದೊಡ್ಡದಾಗಿ ಹೋಗುವ ಪುಸ್ತಕ, ಹಿಂಬದಿಯ ರಟ್ಟಿನ ಮೇಲೆ ಮೂವರು ಓದುಗರ ಮಾತು ಹಾಕುತ್ತೇವೆ, ಅದರಲ್ಲಿ ನಿಮ್ಮ ದೊಡ್ಡವ್ವನದೂ ಒಂದು, ಹೆಸರು ಊರು ಸಮೇತ, ಹದಿನೈದು ದಿನದೊಳಗೆ ಕಳಿಸಿ ಅಂದರು. ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಡಾಕ್ಟರು ಹೇಳಿದ್ದ ಲೆಕ್ಕ ನನ್ನ ತಲೆಯಲ್ಲಿತ್ತು. ಅವಳ ಹೆಸರು ಪುಸ್ತಕದ ಮೇಲೆ ಬರುವುದನ್ನು ಅವಳೇ ನೋಡಬೇಕು... ನನಗಿದ್ದ ಆಸೆ ಅಷ್ಟೇ.

ಓದಲು ಹನ್ನೆರಡು ದಿನ ತೆಗೆದುಕೊಂಡಳು. ಹದಿಮೂರನೇ ದಿನ ಭಾನುವಾರ, ಬೆಳಿಗ್ಗೆ ಕರೆದಳು. ಜಗಲಿಯ ಮೇಲೆ ಮೂರು ಕಟ್ಟು ಸಿದ್ಧವಾಗಿದ್ದವು. ಕೆಳಗಿನದು ದಪ್ಪ, ಮೇಲಿನದು ತೀರಾ ಸಣ್ಣದು. ನೋಟ್‌ಬುಕ್ಕಿನಲ್ಲಿ ಬರೆದುಕೋ ಎಂದು ಸನ್ನೆ ಮಾಡಿದಳು. ಅವಳ ಬಾಯಿಯ ಹತ್ತಿರ ಕಿವಿ ಇಟ್ಟು ಬರೆದುಕೊಂಡೆ. ಬರೆದದ್ದು ಇಷ್ಟು:

"ಈ ಪುಸ್ತಕ ಓದಿ ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಸಿಟ್ಟಿಗೆ. ಇದರಲ್ಲಿ ಹುಡುಗಿ ಯಾರನ್ನೋ ನೆನೆಸಿಕೊಂಡು ತಾನಾಗಿಯೇ ಬ್ಯಾರನ್ನಿನ ಒಳಗೆ ಹೋಗುತ್ತಾಳೆ. ಬೆಂಕಿ ಹತ್ತುತ್ತದೆ. ಮಲಗಿದ ಹಾಗೆ ಕಾಣುತ್ತಿದ್ದಳು ಎಂದು ಬರೆದಿದ್ದಾರೆ. ಬೆಂದವರು ಮಲಗಿದ ಹಾಗೆ ಕಾಣುವುದಿಲ್ಲ. ಕಾದ ಬ್ಯಾರನ್ನಿಗೆ ಯಾವ ಹುಡುಗಿಯೂ ತಾನಾಗಿ ಹೋಗುವುದಿಲ್ಲ. ಕಳಿಸಿದವರು ಒಬ್ಬರು ಇರುತ್ತಾರೆ. ಪೈಪಿನ ಮೇಲೆ ಎಲೆ ಉದುರಿದೆ, ಹೋಗಿ ಎತ್ತಿಹಾಕು ಎಂದು ನನ್ನ ತಂಗಿಯನ್ನು ಕಳಿಸಿದ್ದು ನಾನು. ಅವಳಿಗೆ ಹದಿಮೂರು. ಅವಳೇ ಹೋದಳು ಎಂದು ನಾನು ಎಲ್ಲರಿಗೂ ಹೇಳಿದೆ. ಈ ಪುಸ್ತಕದಲ್ಲಿ ಕಳಿಸಿದವರೇ ಇಲ್ಲ. ಅದಕ್ಕೆ ಇದು ಸುಳ್ಳು."

ಅವಳಿಗೆ ತಂಗಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಅವಳ ತವರು ಹೆಗ್ಗಡದೇವನಕೋಟೆಯ ಕಡೆ. ನಮ್ಮೂರಿಗೆ ಅವಳು ಮದುವೆಯಾಗಿ ಬರುವ ಮೊದಲು ನಡೆದದ್ದು. ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಇದನ್ನ ಹಾಕಬೇಕಾ ದೊಡ್ಡವ್ವ?"

"ಆಕು."

"ಕೆಳಗೆ ನಿನ್ನ ಹೆಸರು, ಊರು ಎಲ್ಲ ಬರುತ್ತೆ."

"ಬರ್ಲಿ ಅಂತ್ಲೇ ಯೋಳ್ತಿರೋದು." ನೀರು ಕುಡಿದಳು. ನುಂಗಲು ಹೊತ್ತಾಯಿತು. "ನಮ್ಮಪ್ಪ ಅವ್ವ ಸಾಯೋಗಂಟ ಅವುಳ್ನೇ ಬೈಕಂಡ್ರು. ಮಾತ್ ಕೇಳ್ದ ಮುಂಡೇದು ಒಳೀಕ್ ನುಗ್ತು ಅಂತ. ನಾನು ಪಕ್ಕದಲ್ಲೇ ಕುಂತು ಕೇಳುಸ್ಕಂಡೆ. ಈಗ ಈ ಪುಸ್ತಕ್ದೋರೂ ಅಂಗೇ ಬರುದ್ರೆ..."

ಅಲ್ಲಿಗೆ ಉಸಿರು ಸಾಕಾಗಲಿಲ್ಲ. ಕೈ ಬೀಸಿ ಹೋಗು ಅಂದಳು. ನಾನು ಬರೆದದ್ದನ್ನು ಓದಿ ಹೇಳು ಅನ್ನಲಿಲ್ಲ. ಅದೊಂದೇ ಸಲ ಅವಳು ಹಾಗೆ ನಂಬಿ ಬಿಟ್ಟದ್ದು.

ಮಾರನೆಯ ದಿನ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತೆ. ಇದನ್ನು ಯಾವ ಪ್ರಕಾಶಕರೂ ರಟ್ಟಿನ ಮೇಲೆ ಹಾಕುವುದಿಲ್ಲ ಎಂದು ಗೊತ್ತಿತ್ತು. ಕಳಿಸಿದರೆ ಹೆಸರು ಬರುವುದಿಲ್ಲ. ಇನ್ನೊಂದು ಪುಸ್ತಕ ಬರುವವರೆಗೆ ಅವಳು ಇರುವುದಿಲ್ಲ. ಅದೂ ಅಲ್ಲದೆ, ಸಾಯುವ ಹೊತ್ತಿನಲ್ಲಿ ಊರೆಲ್ಲ ಅವಳನ್ನು ತಂಗಿಯನ್ನು ಕೊಂದವಳು ಅನ್ನಬೇಕೆ? ಇದು ಕಾಯಿಲೆ ಆಡಿಸುತ್ತಿರುವ ಮಾತು ಎಂದು ನನಗೆ ನಾನೇ ಹೇಳಿಕೊಂಡೆ. 'ಈ ಪುಸ್ತಕ ಓದಿ ಕಣ್ಣಲ್ಲಿ ನೀರು ಬಂತು' ಎಂಬ ಮೊದಲ ವಾಕ್ಯವನ್ನು ಟೈಪು ಮಾಡಿದೆ. ಅಲ್ಲಿಗೇ ನಿಲ್ಲಿಸಿದೆ. ಕೆಳಗೆ ಅವಳ ಹೆಸರು, ಊರು ಹಾಕಿ ಕಳಿಸಿಬಿಟ್ಟೆ. ಒಂದು ಪದವನ್ನೂ ಸೇರಿಸಿರಲಿಲ್ಲ. ಆ ಸಮಾಧಾನವೂ ಇತ್ತು.

ಎರಡು ತಿಂಗಳಿಗೆ ಪುಸ್ತಕ ಬಂತು. ಅಷ್ಟು ಹೊತ್ತಿಗೆ ಅವಳು ಗಂಜಿ ಬಿಟ್ಟು ಬೇರೇನೂ ನುಂಗುತ್ತಿರಲಿಲ್ಲ. ನಾನು ಅಂಗಡಿಗೆ ಬೀಗ ಹಾಕಿ ಮಧ್ಯಾಹ್ನದ ಬಸ್ಸಿಗೇ ಹೊರಟೆ. ಓರಗಿತ್ತಿ ಅವಳನ್ನು ಎತ್ತಿ ಗೋಡೆಗೆ ಒರಗಿಸಿ ಕೂರಿಸಿದಳು. "ನೋಡಕ್ಕ, ನಿನ್ನೆಸ್ರು. ಕಂಪ್ನಿಯೋರು ತಕ್ಕೊಂಡೇಬುಟ್ರು ಕಣಕ್ಕ," ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ದೊಡ್ಡವ್ವ ಹಿಂಬದಿಯನ್ನು ಓದಿದಳು. ಒಂದು ಸಾಲು ಓದಲು ಅಷ್ಟು ಹೊತ್ತು ಬೇಡ. ಪುಸ್ತಕವನ್ನು ತಿರುಗಿಸಿ ಮುಂಬದಿ ನೋಡಿದಳು, ಮತ್ತೆ ಹಿಂಬದಿಗೆ ಬಂದಳು. ಓರಗಿತ್ತಿ ಗಂಜಿ ತರಲು ಒಳಗೆ ಹೋದ ಮೇಲೆ ನನ್ನ ಮುಖ ನೋಡಿದಳು.

"ಉಳಿದಿದ್ದು?"

"ಜಾಗ ಇರಲಿಲ್ಲವಂತೆ ದೊಡ್ಡವ್ವ."

ಅವಳು ಹೆಬ್ಬೆರಳನ್ನು ರಟ್ಟಿನ ಮೇಲೆ ಇಟ್ಟಳು. ಅವಳ ಹೆಸರಿನ ಕೆಳಗೆ, ಉಳಿದಿಬ್ಬರ ಮಾತು ಶುರುವಾಗುವ ಮೊದಲು, ನಾಲ್ಕು ಬೆರಳಷ್ಟು ಖಾಲಿ ಜಾಗ ಇತ್ತು. ಬೆರಳನ್ನು ಅಲ್ಲೇ ಇಟ್ಟುಕೊಂಡಿದ್ದಳು. ನಾನು ಬೇರೆ ಕಡೆ ನೋಡಿದೆ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಹೊರಡುವಾಗ ಮಾತ್ರ, "ಇನ್ನ ಯಾವ್ದೂ ತರ್ಬ್ಯಾಡ ಕಣ್ ಮಗ. ನಾನು ಗ್ರೇಡ್ ಮಾಡೋದು ಬುಟ್ಟೆ," ಅಂದಳು. ಮಂಚದ ಕೆಳಗಿದ್ದ ಮೂರು ಕಟ್ಟುಗಳನ್ನು ಕಣ್ಣಿನಲ್ಲೇ ತೋರಿಸಿದಳು. ತೆಗೆದುಕೊಂಡು ಹೋಗಲಿ ಎಂದು. ತಂದು ಬೀರುವಿನ ಕೆಳಗಿನ ಖಾನೆಗೆ ಹಾಕಿದೆ. ಬಿಚ್ಚುವ ಧೈರ್ಯ ಇರಲಿಲ್ಲ.

ಅದಾಗಿ ಇಪ್ಪತ್ತೊಂದನೇ ದಿನಕ್ಕೆ ಹೋದಳು. ಗೌರಿಹಬ್ಬಕ್ಕೆ ನಾಲ್ಕು ದಿನ ಇತ್ತು. ಊರಿನ ಬ್ಯಾರನ್ನುಗಳೆಲ್ಲ ಉರಿಯುತ್ತಿದ್ದ ಕಾಲ. ಅಲ್ಲಿಯವರೆಗೆ ನಾನು ದಿನಾ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಕಾಲು ಒತ್ತುತ್ತಿದ್ದೆ. ಬೇಡ ಅನ್ನಲಿಲ್ಲ. ನಿಜ ಹೇಳಿಬಿಡೋಣ, ತಪ್ಪಾಯಿತು ಅನ್ನೋಣ ಎಂದು ಎಷ್ಟೋ ಸಲ ಬಾಯಿವರೆಗೆ ಬಂತು. ಅವಳಿಗೆ ದನಿ ಇರಲಿಲ್ಲ, ನನಗೆ ಇತ್ತು. ಆದರೂ ಆಡಲಿಲ್ಲ.

ಮೂರನೇ ದಿನ ಹಾಲುತುಪ್ಪ ಬಿಡಲು ಹೊಲಕ್ಕೆ ಹೋದೆವು. ಮಣ್ಣು ಮಾಡಿದ ಗುಡ್ಡೆಯ ಮುಂದೆ ಎಲೆ ಹಾಸಿ, ಅವಳಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟರು. ಒಬ್ಬಟ್ಟು, ಕಾಫಿ, ಎಲೆ ಅಡಿಕೆ. ಓದುವುದು ಅವಳ ಪ್ರಾಣ ಎಂದು ಮೈದುನ ಆ ಪುಸ್ತಕವನ್ನೂ ತಂದು, ಹೆಸರು ಎಲ್ಲರಿಗೂ ಕಾಣಲಿ ಎಂದು ಹಿಂಬದಿಯನ್ನು ಮೇಲೆ ಮಾಡಿ ಇಟ್ಟ. ಬಂದ ನೆಂಟರು ಒಬ್ಬೊಬ್ಬರಾಗಿ ಬಗ್ಗಿ, ಜೋರಾಗಿ ಓದಿದರು. ಈ ಪುಸ್ತಕ ಓದಿ ಕಣ್ಣಲ್ಲಿ ನೀರು ಬಂತು. ಅವಳ ತವರಿನಿಂದ ಬಂದಿದ್ದ ಒಬ್ಬ ಮುದುಕಿ ಪುಸ್ತಕದ ಕತೆ ಏನೆಂದು ಕೇಳಿ ತಿಳಿದುಕೊಂಡು, "ಬರ್ದೆ ಇರ್ತದಾ. ಅವುಳ್ ತಂಗೀನೂ ಇಂಗೇ ಬ್ಯಾರನ್ನೊಳೀಕೆ ತಾನೇ ನುಗ್ಗಿ ಓದ್ಲು ಪಾಪ," ಅಂದಳು. ಎಲ್ಲರೂ ತಲೆ ಆಡಿಸಿದರು. ನಾನು ಅಲ್ಲೇ ನಿಂತಿದ್ದೆ. ಅಲ್ಲ ಅನ್ನಲು ಆ ಹೊಲದಲ್ಲಿ ನಾನೊಬ್ಬಳೇ ಇದ್ದೆ. ನಾನೂ ತಲೆ ತಗ್ಗಿಸಿಕೊಂಡು ನಿಂತೆ.

ಹೋದ ವಾರ ಪ್ರಕಾಶಕರು ಫೋನು ಮಾಡಿದರು. ಆ ಪುಸ್ತಕ ಎರಡನೇ ಸಲ ಅಚ್ಚಾಗುತ್ತಿದೆಯಂತೆ. ದೊಡ್ಡವ್ವನ ಮಾತು ಹಾಗೇ ಇರಲಿ, ಹೆಸರಿನ ಹಿಂದೆ ದಿವಂಗತ ಎಂದು ಸೇರಿಸೋಣವೇ ಎಂದು ಕೇಳಿದರು.

ನಾನು ಸ್ವಲ್ಪ ತಡೆಯಿರಿ ಎಂದು ಹೇಳಿ ನೋಟ್‌ಬುಕ್ಕು ತೆಗೆದು, ಅವಳು ಹೇಳಿದ್ದನ್ನೆಲ್ಲ ಓದಿದೆ. ಅರ್ಧದಲ್ಲಿ ನಿಲ್ಲಿಸಬಾರದು ಎಂದು ಒಂದೇ ಉಸಿರಿಗೆ ಓದಿದೆ. ಮುಗಿದ ಮೇಲೆ ಅವರು ಕೇಳಿದರು:

"ಇದನ್ನು ಆಗಲೇ ಯಾಕಮ್ಮ ಕಳಿಸಲಿಲ್ಲ?"

"ಹಾಕುತ್ತಿದ್ದಿರಾ ಸಾರ್?"

"ಹಿಂಬದಿಗೆ ಹಾಕಲು ಆಗುತ್ತಿರಲಿಲ್ಲ. ಆದರೆ ಆ ಅಧ್ಯಾಯ ತಿದ್ದಿಸಬಹುದಿತ್ತು. ಅಚ್ಚಿಗೆ ಮುಂಚೆ ನಿಮ್ಮ ದೊಡ್ಡವ್ವನಿಗೆ ಕಳಿಸುತ್ತಿದ್ದದ್ದು ಅದಕ್ಕೇ ಅಲ್ಲವೇ?"

ಇದು ನನಗೆ ಹೊಳೆದಿರಲೇ ಇಲ್ಲ. ಮೊದಲ ಪುಸ್ತಕದಿಂದಲೂ ಅವಳು ಮಾಡುತ್ತಿದ್ದ ಕೆಲಸ ಅದೇ, ಲೋ ಗ್ರೇಡನ್ನು ಬೇರೆ ಮಾಡಿ ಕೊಡುವುದು. ನಾನು ಅವಳ ಹೆಸರಿನ ಆಸೆಯಲ್ಲಿ ಅದನ್ನೇ ಮರೆತಿದ್ದೆ. ಇಟ್ಟರೆ ಪೂರ್ತಿ ಇಡಿ, ಇಲ್ಲವಾದರೆ ತೆಗೆದುಬಿಡಿ ಅಂದೆ. ಈಗ ಕಾಲ ಮೀರಿದೆ, ಒಳಗಿನ ಪುಟಗಳೆಲ್ಲ ಅಚ್ಚಿಗೆ ಹೋಗಿವೆ, ರಟ್ಟಿನ ಮೇಲಿನ ಮಾತನ್ನು ತೆಗೆದುಬಿಡುತ್ತೇನೆ ಅಂದರು. ಹಾಗಾಗಿ ಎರಡನೇ ಮುದ್ರಣದಲ್ಲಿ ಅವಳ ಹೆಸರಿಲ್ಲ. ಮುಂದೆ ಬರುವ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅವಳದಲ್ಲದ ಮಾತಿನ ಕೆಳಗೆ ಒಂದು ಸಲ ಅವಳ ಹೆಸರು ಹಾಕಿಸಿದವಳು ನಾನು. ಅದಕ್ಕೇ ಇಲ್ಲೂ ಹೆಸರು ಬರೆದಿಲ್ಲ. ಅವಳ ಮಾತನ್ನು ಮಾತ್ರ ಇದ್ದ ಹಾಗೆ ಬರೆದಿದ್ದೇನೆ. ಅವಳ ತಂಗಿ ತಾನಾಗಿ ಹೋಗಲಿಲ್ಲ.

ಮೊನ್ನೆ ಬೀರು ತೆಗೆದದ್ದು ಆ ನೋಟ್‌ಬುಕ್ಕನ್ನು ಹಾಳೆಗಳ ಜೊತೆ ಇಡೋಣ ಎಂದು. ವಾಸನೆ ಬಂದ ಮೇಲೆ ಸುಮ್ಮನೆ ಇಟ್ಟು ಮುಚ್ಚಲು ಆಗಲಿಲ್ಲ. ಮೊದಲ ಸಲ ಕಟ್ಟುಗಳನ್ನು ಬಿಚ್ಚಿದೆ. ಬ್ಯಾರನ್ನಿಗೆ ಬೆಂಕಿ ಬೀಳುವ ಅಧ್ಯಾಯದ ಹಾಳೆಗಳೆಲ್ಲ ಕೆಳಗಿನ ಕಟ್ಟಿನಲ್ಲಿದ್ದವು, ನಾನು ಅಂದುಕೊಂಡ ಹಾಗೆಯೇ. ಪುಟದ ಸಂಖ್ಯೆ ನೋಡಿಕೊಂಡು ಜೋಡಿಸುತ್ತಾ ಹೋದೆ. ಒಂದು ಪುಟ ಸಿಗಲಿಲ್ಲ. ನಡುವಿನ ಕಟ್ಟಿನಲ್ಲೂ ಇರಲಿಲ್ಲ.

ಅದು ಮೇಲಿನ ಕಟ್ಟಿನಲ್ಲಿ ಇತ್ತು. ಎಲ್ಲಕ್ಕಿಂತ ಮೇಲೆ. ಹುಡುಗಿ ಸತ್ತ ಮಾರನೆಯ ದಿನದ ಪುಟ ಅದು. ಅಂಗಳದಲ್ಲಿ ಅವಳು ಅರ್ಧ ಕಟ್ಟಿ ಬಿಟ್ಟುಹೋದ ಒಂದು ಕಡ್ಡಿ ಹಾಗೇ ಇರುತ್ತದೆ. ಒಂದು ತುದಿಯಲ್ಲಿ ಸೊಪ್ಪು, ಇನ್ನೊಂದು ತುದಿಯಲ್ಲಿ ಬರೀ ದಾರ. ಉಳಿದರ್ಧವನ್ನು ಕಟ್ಟಲು ಆ ಮನೆಯಲ್ಲಿ ಯಾರೂ ಮುಂದೆ ಬರುವುದಿಲ್ಲ. ಬಿಸಿಲಿಗೆ ಸೊಪ್ಪು ಅಲ್ಲೇ ಬಾಡುತ್ತದೆ.

ಅಷ್ಟು ಸಿಟ್ಟಿನಲ್ಲೂ ಅವಳು ಆ ಒಂದು ಪುಟವನ್ನು ಕೆಳಕ್ಕೆ ಹಾಕಿರಲಿಲ್ಲ. ಆ ಭಾನುವಾರ ಕಟ್ಟು ಬಿಚ್ಚಿ ನೋಡಿದ್ದರೆ ಸುಳ್ಳು ಹೇಳದೆಯೇ ರಟ್ಟಿನ ಮೇಲೆ ಹಾಕಬಹುದಾದ ಒಂದು ಒಳ್ಳೆಯ ಮಾತು ನನಗೆ ಅಲ್ಲೇ ಸಿಗುತ್ತಿತ್ತು. ಕೇಳಿದ್ದರೆ ಅವಳೇ ಹೇಳುತ್ತಿದ್ದಳು...

ಹಾಳೆಗಳನ್ನು ಪುಟದ ಪ್ರಕಾರ ಇಡಲಿಲ್ಲ. ಅವಳು ಇಟ್ಟ ಹಾಗೆಯೇ ಮೂರು ಕಟ್ಟು ಮಾಡಿದೆ. ದಾರವನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಒಳಕ್ಕೆ ಸಿಕ್ಕಿಸಿದೆ. ನಿಲ್ಲಲಿಲ್ಲ. ಇನ್ನೆರಡು ಸಲ ಮಾಡಿ ನೋಡಿದೆ, ಆಗಲೂ ಸಡಿಲವಾಯಿತು. ಕೊನೆಗೆ ಗಂಟು ಹಾಕಿ ಇಟ್ಟೆ.